ಏಳನೆಯ ಹೇಳಿಕೆಗೆ ಒಂದೇ ಒಂದು ‘ಅಲ್ಲ’

ತುರ್ವಿಹಾಳದಿಂದ ಬಂದ ಮೊದಲ ಕಟ್ಟು ಫಾರಂಗಳನ್ನು ಸಿಂಧನೂರಿನ ನನ್ನ ಕೋಣೆಯಲ್ಲಿ ಹರಡಿಕೊಂಡು ಕೂತ ಹತ್ತೇ ನಿಮಿಷಕ್ಕೆ ನನಗೆ ಸಿಟ್ಟು ಬಂತು. ನಲವತ್ತೊಂದು ಫಾರಂ. ಒಂದೊಂದರಲ್ಲೂ ದೇವರ ಬಗ್ಗೆ ಇಪ್ಪತ್ತು ಹೇಳಿಕೆ. ಪ್ರತಿ ಹೇಳಿಕೆಯ ಮುಂದೆ ‘ಹೌದು’, ‘ಅಲ್ಲ’, ‘ಗೊತ್ತಿಲ್ಲ’ ಎಂದು ಮೂರು ಚೌಕ. ನಲವತ್ತೊಂದು ಜನವೂ ಇಪ್ಪತ್ತಕ್ಕೆ ಇಪ್ಪತ್ತೂ ‘ಹೌದು’ ಎಂದು ಗುರುತು ಹಾಕಿದ್ದರು.

ಮೂರನೆಯ ಹೇಳಿಕೆ: ದೇವರ ಮನಸ್ಸು ಎಂದೂ ಬದಲಾಗುವುದಿಲ್ಲ. ಹೌದು. ಹನ್ನೊಂದನೆಯದು: ನಾವು ಬೇಡಿಕೊಂಡರೆ ದೇವರು ಮನಸ್ಸು ಬದಲಿಸುತ್ತಾನೆ. ಹೌದು. ಐದನೆಯದು: ದೇವರಿಗೆ ನೋವೆಂಬುದಿಲ್ಲ. ಹೌದು. ಹದಿನಾರನೆಯದು: ನಮ್ಮ ನೋವಿನಲ್ಲಿ ದೇವರೂ ನೋಯುತ್ತಾನೆ. ಅದೂ ಹೌದು.

ಈ ಬಲೆಗಳನ್ನು ನಾನೇ ಬೇಕೆಂದು ಹೆಣೆದಿದ್ದೆ. ಕಾಲೇಜು ಹುಡುಗರಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುವವಳು ನಾನು. ಎದುರಾಳಿಯ ಬಾಯಿಂದ ಮೊದಲು ಒಂದು ಮಾತು, ಆಮೇಲೆ ಅದಕ್ಕೆ ಅಡ್ಡ ಬರುವ ಇನ್ನೊಂದು ಮಾತು ಹೊರಡಿಸಿ, ಎರಡನ್ನೂ ಎದುರುಬದುರು ನಿಲ್ಲಿಸುವುದು ನಮ್ಮಲ್ಲಿ ಮೊದಲ ಪಾಠ. ಇಲ್ಲಿ ಬಲೆಗೆ ಎಲ್ಲರೂ ಬಿದ್ದಿದ್ದರು. ಬಿದ್ದೆವೆಂದು ಮಾತ್ರ ಒಬ್ಬರಿಗೂ ಅನ್ನಿಸಿರಲಿಲ್ಲ.

ಕೆಲಸ ಬಂದದ್ದು ಹೀಗೆ. ಹಳ್ಳಿಯ ಕ್ರೈಸ್ತ ಸಭೆಗಳಿಗೆ ಹೊಸ ಪಾಠಪುಸ್ತಕ ಬರೆಯಲು ಒಂದು ಸಮಿತಿಯಾಗಿತ್ತು. ಅದರ ಸಂಚಾಲಕರು ದೇವಶಾಸ್ತ್ರ ಕಲಿಸುವ ಅಧ್ಯಾಪಕರು. ದೇವರು ಎಂಥವನು ಎಂಬುದರ ಬಗ್ಗೆ ಈಗ ತಮ್ಮವರಲ್ಲೇ ಜೋರು ಜಗಳ ನಡೆದಿದೆ ಎಂದು ಅವರೇ ನನಗೆ ಬಿಡಿಸಿ ಹೇಳಿದರು. ದೇವರು ಬದಲಾಗದವನು, ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ನೋವು ತಟ್ಟದವನು ಎನ್ನುವುದು ಹಳೆಯ ನಿಲುವು. ಶಿಲುಬೆಯ ಮೇಲೆ ನರಳಿದವನನ್ನೇ ದೇವರೆಂದ ಮೇಲೆ ನೋವು ತಟ್ಟದ ದೇವರು ಎಲ್ಲಿಂದ ಬಂದ ಎಂದು ಕೇಳುವವರು ಈಗ ಬಹಳ ಜನ ಇದ್ದಾರೆ. ನಾಳೆ ಎಂಬುದು ಇನ್ನೂ ಆಗಿಲ್ಲ, ಹಾಗಾಗಿ ದೇವರೂ ಅದನ್ನು ನಮ್ಮ ಜೊತೆಗೇ ಎದುರುನೋಡುತ್ತಾನೆ ಎನ್ನುವವರಿದ್ದಾರೆ. ದೇವರ ಶಕ್ತಿ ಒಲಿಸುವ ಶಕ್ತಿಯೇ ಹೊರತು ಒತ್ತಾಯದ್ದಲ್ಲ, ಎಷ್ಟೋ ಸಂಗತಿ ಅವನ ಕೈಲೂ ಆಗುವುದಿಲ್ಲ ಎನ್ನುವವರಿದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜನ ಇದರಲ್ಲಿ ಯಾವ ಕಡೆ? ಅದನ್ನು ಕೇಳಿ, ಎಣಿಸಿ, ಬರೆದು ಕೊಡಲು ಯಾವ ಸಭೆಗೂ ಸೇರದವರು ಬೇಕಾಗಿತ್ತು. ನನಗೆ ದೇವರಲ್ಲೇ ನಂಬಿಕೆಯಿಲ್ಲ ಎಂದೆ. ಹಾಗಾದರೆ ಇನ್ನೂ ಒಳ್ಳೆಯದಾಯಿತು ಎಂದರು.

ತುರ್ವಿಹಾಳದವರು ತಲೆ ಕೆಡಿಸಿಕೊಳ್ಳದೆ ತುಂಬಿದ್ದಾರೆ ಎಂದುಕೊಂಡು ಮಸ್ಕಿಯ ಫಾರಂಗಳಿಗೆ ಕಾದೆ. ಅಲ್ಲಿಯೂ ಅದೇ. ಸಾಲಿಗೆ ಸಾಲು ಹೌದು. ನಾನೇ ಮಸ್ಕಿಗೆ ಹೋಗಿ ಅಲ್ಲಿನ ಪಾಸ್ಟರ್ ಮುಂದೆ ಮೂರನೆಯ ಮತ್ತು ಹನ್ನೊಂದನೆಯ ಹೇಳಿಕೆಗಳಿಗೆ ಬೆರಳಿಟ್ಟು, ಇವೆರಡರಲ್ಲಿ ಒಂದು ಸುಳ್ಳಾಗಲೇಬೇಕಲ್ಲ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದರು.

“ಎರಡೂ ಖರೇನ ಅದಾವಲ್ರೀ ಮೇಡಂ. ನಿಮಗ ಯಾವುದು ಸುಳ್ಳಾಗಬೇಕಾಗೇತಿ?”

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತಿಗೆ ನಾಲ್ಕು ಉತ್ತರ ಹೊಳೆದವು. ನಾಲ್ಕೂ ಚೆನ್ನಾಗಿದ್ದವು, ನಾಲ್ಕೂ ತಡವಾಗಿದ್ದವು. ಸಂಚಾಲಕರಿಗೆ ಫೋನು ಮಾಡಿ, ನಿಮ್ಮ ಜನರಿಗೆ ತರ್ಕದ ಪಾಠ ಮೊದಲು ಬೇಕು, ದೇವರದು ಆಮೇಲೆ ಎಂದು ಹೇಳಿದೆ. ಅವರು ನಕ್ಕು, ಫಾರಂ ತುಂಬುವಾಗ ಒಮ್ಮೆ ಅಲ್ಲೇ ಕೂತು ನೋಡಿ ಎಂದರು. ಮೊದಲೇ ಮಾಡಬೇಕಾದ ಕೆಲಸ ಅದು. ನನ್ನ ಫಾರಂ ಮೇಲೆ ನನಗಿದ್ದ ಭರವಸೆಯಿಂದ ಅದನ್ನು ಮಾಡಿರಲಿಲ್ಲ.

ಹಾಗಾಗಿ ಭಾನುವಾರ ಬೆಳಿಗ್ಗೆ ಬಳಗಾನೂರಿಗೆ ಹೋಗಿ ಸಭೆಯ ಹಿಂದಿನ ಚಾಪೆಯಲ್ಲಿ ಕೂತೆ. ಅರ್ಧ ಹಾಡು ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಆಮೇಲೆ ಸಾಕ್ಷಿಯ ಸಮಯ. ಒಬ್ಬೊಬ್ಬರಾಗಿ ಎದ್ದು, ಕರ್ತನ ನಾಮಕ್ಕೆ ಸ್ತೋತ್ರವೆಂದು ಶುರುಮಾಡಿ, ತಮಗೆ ಆದದ್ದನ್ನು ಹೇಳಿ, ಇಷ್ಟೇ ನನ್ನ ಸಾಕ್ಷಿ ಎಂದು ಮುಗಿಸುತ್ತಿದ್ದರು. ಎಲ್ಲರೂ ಆಮೆನ್ ಎನ್ನುತ್ತಿದ್ದರು. ಒಬ್ಬಳ ಎಮ್ಮೆ ಸಿಕ್ಕಿತ್ತು, ಆಮೆನ್. ಒಬ್ಬನ ಸೊಂಟನೋವು ಹೋಗಿರಲಿಲ್ಲ, ಆದರೆ ತಡೆದುಕೊಳ್ಳುವಷ್ಟಿತ್ತು, ಆಮೆನ್. ಹೇಳಿದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಸ್ವಲ್ಪ ತಾತ್ಸಾರದಿಂದಲೇ ಬರೆದುಕೊಂಡೆ.

ಕೊನೆಗೆ ಪಾಸ್ಟರ್ ಫಾರಂ ಹಂಚಿಸಿ, ಓದು ಬಾರದವರಿಗೆ ತೊಂದರೆಯಾಗಬಾರದೆಂದು ತಾವೇ ಪೀಠದ ಮೇಲೆ ನಿಂತು ಗಟ್ಟಿಯಾಗಿ ಓದತೊಡಗಿದರು. “ಒಂದು. ದೇವರು ಎಲ್ಲವನ್ನೂ ಬಲ್ಲನು.” ಆಮೆನ್, ಎಂದಿತು ಇಡೀ ಸಭೆ. ಪೆನ್ನುಗಳು ಹೌದಿನ ಚೌಕದ ಮೇಲೆ ಇಳಿದವು. “ಎರಡು.” ಆಮೆನ್. ಇಪ್ಪತ್ತರವರೆಗೆ ಹಾಗೆಯೇ. ದೇವರ ಹೆಸರಿರುವ ಮಾತನ್ನು ಪೀಠದ ಮೇಲಿಂದ ಅಯ್ಯನವರು ಓದುತ್ತಿರುವಾಗ, ಅಕ್ಕಪಕ್ಕದವರ ಕಣ್ಣೆದುರು ‘ಅಲ್ಲ’ ಎಂದು ಯಾರು ಹಾಕುತ್ತಾರೆ? ಇಷ್ಟು ದಿನ ನಾನು ಕೂಡಿಸಿಟ್ಟದ್ದು ಉತ್ತರಗಳನ್ನಲ್ಲ, ಆಮೆನ್‌ಗಳನ್ನು. ಪೀಠದಿಂದ ಓದಬಾರದು, ಮನೆಯಲ್ಲಿ ಒಬ್ಬೊಬ್ಬರೇ ತುಂಬಬೇಕು ಎಂಬ ಒಂದು ಸಾಲನ್ನು ಫಾರಂ ಮೇಲೆ ಹಾಕದಿದ್ದವಳು ನಾನೇ.

ಮುಖ ಗಂಟುಹಾಕಿಕೊಂಡು ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಮಕ್ಕಳ ಪಾಠ ಮುಗಿಯುತ್ತಿತ್ತು. ಕಲಿಸುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು. ವಾರವೆಲ್ಲ ಭತ್ತದ ಸಸಿ ಹಚ್ಚುವ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಗದ್ದೆಗೆ ಹೋಗುವವರು, ಭಾನುವಾರ ಸಂಡೇ ಸ್ಕೂಲ್ ನಡೆಸುವವರು. ಊರಿಗೆಲ್ಲ ಟೀಚರಮ್ಮ. ಒಳಗೆ ಓದುತ್ತಿದ್ದಾಗ ಅವರು ಹೊರಗಿದ್ದರು. ಮಕ್ಕಳಿಗೆ ಏನೋ ಬರೆಯಲು ಹಚ್ಚಿ, ಫಾರಂ ಅನ್ನು ತಾವೇ ಓದಿ ತುಂಬಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು.

ಅದರಲ್ಲಿ ಎಂಟು ಗೊತ್ತಿಲ್ಲ, ಹನ್ನೊಂದು ಹೌದು. ಏಳನೆಯ ಹೇಳಿಕೆ, ‘ದೇವರು ಬಯಸಿದ್ದನ್ನೆಲ್ಲ ಮಾಡಬಲ್ಲನು’ ಎಂಬುದರ ಮುಂದೆ, ಅಲ್ಲ.

ನನಗಾದ ಖುಷಿ ಹೇಳತೀರದು. ಕೊನೆಗೂ ಯೋಚಿಸುವ ಒಬ್ಬರು ಸಿಕ್ಕರು ಎಂದು ಮರುದಿನ ಅವರು ದುಡಿಯುತ್ತಿದ್ದ ಗದ್ದೆಗೇ ಹೋದೆ. ಕಾಲುವೆಗೆ ನೀರು ಬಿಟ್ಟು ನಾಟಿ ಭರದಲ್ಲಿದ್ದ ಸಮಯ. ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಅವರ ಪಕ್ಕ ಕೂತು, ಏಳನೆಯದಕ್ಕೆ ಯಾಕೆ ಹಾಗೆ ಹಾಕಿದಿರಿ ಎಂದೆ.

“ನೀವು ಕೇಳಿದ್ರಿ, ಅದಕ್ಕ ಹಾಕೀನಿ.”

ಆಮೇಲೆ ನಿಧಾನವಾಗಿ ಹೇಳಿದರು. ಗಂಡ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಪೇರಿಸಿದ ಚೀಲಗಳು ಅವನ ಮೇಲೆ ಜಾರಿಬಿದ್ದವು. ಹನ್ನೊಂದು ದಿನ ದವಾಖಾನೆಯಲ್ಲಿದ್ದು ಹೋದ. ಇದು ದೇವರ ಚಿತ್ತ ಎಂದು ಬಂದವರೆಲ್ಲ ಹೇಳಿ ಹೋದರು.

“ಆತಗ ಆಗೂದಿದ್ರ ಮಾಡೇ ಮಾಡ್ತಿದ್ದ,” ಎಂದರು. “ಆಗೂದಿದ್ದೂ ಸುಮ್ನ ಕುಂತಾನ ಅಂದ್ರ ಆತನ್ನ ನಾ ಯಾಕ ಕರೀಲಿ? ಆಗಿಲ್ಲ ಆತಗ. ನನ್ನ ಜೋಡಿನ ಕುಂತಿದ್ದ.”

ಈ ವಾದ ನನಗೆ ಹಳೆಯ ಪರಿಚಯ. ಲೋಕದಲ್ಲಿ ಇಷ್ಟು ಸಂಕಟ ಇರುವಾಗ ದೇವರು ತಡೆಯಲಾರದವನೋ, ತಡೆಯಲೊಲ್ಲದವನೋ ಎಂಬ ಇಕ್ಕಳದಲ್ಲಿ ಎದುರಾಳಿಯನ್ನು ಹಿಡಿದು ಎಷ್ಟೋ ಸಲ ಗೆದ್ದಿದ್ದೇನೆ. ಇಕ್ಕಳದ ಒಂದು ತೋಳನ್ನು ಆರಿಸಿಕೊಂಡು ಅದರ ಮೇಲೆ ಕೂತು ರೊಟ್ಟಿ ತಿನ್ನುವವರನ್ನು ನೋಡಿದ್ದು ಅದೇ ಮೊದಲು. ಬಿಡಲಿಲ್ಲ ನಾನು. ಏನೂ ಮಾಡಲಾಗದವನನ್ನು ದೇವರು ಅಂತ ಯಾಕೆ ಕರೆಯಬೇಕು ಎಂದೆ. ಅವರು ಚಟ್ನಿ ಹಚ್ಚಿದ ರೊಟ್ಟಿಯ ಅರ್ಧ ಮುರಿದು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಬಹುವಚನ ಹೋಗಿ ಸಲಿಗೆಯ ‘ಬೇ’ ಬಂದಿತ್ತು.

“ನಿನ್ನ ಮಗ್ಗಲಾಗ ಕುಂತವರನ್ನ ‘ಏನ್ ಮಾಡೀರಿ’ ಅಂತ ನೀ ಕೇಳ್ತೀ ಏನ್ ಬೇ?”

ಸಿಂಧನೂರಿಗೆ ಬಂದವಳೇ ಸಂಚಾಲಕರಿಗೆ ಮಧ್ಯಂತರ ಟಿಪ್ಪಣಿ ಬರೆದೆ. ಇದುವರೆಗಿನ ಫಾರಂಗಳು ಏಕೆ ನಿಷ್ಪ್ರಯೋಜಕ ಎಂದು ವಿವರಿಸಿ, ನಂಬಬಹುದಾದ ಒಂದೇ ಉತ್ತರ ಸಿಕ್ಕಿದೆ ಎಂದು ಸೇರಿಸಿದೆ: ‘ಸಂಡೇ ಸ್ಕೂಲ್ ಶಿಕ್ಷಕಿ, ಬಳಗಾನೂರು. ದೇವರು ಸರ್ವಶಕ್ತನೆಂಬುದನ್ನು ಸ್ಪಷ್ಟವಾಗಿ ನಿರಾಕರಿಸುತ್ತಾರೆ.’ ಹೆಸರು ಬರೆಯಲಿಲ್ಲ, ಆದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು ಎಂದುಕೊಂಡೆ. ಬಳಗಾನೂರಿನ ಆ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುವವರು ಎಷ್ಟು ಜನ ಎಂದು ನನಗೆ ನಾನೇ ಕೇಳಿಕೊಳ್ಳಲಿಲ್ಲ. ಇನ್ನೊಬ್ಬರ ವಾದದಲ್ಲಿ ಇಂಥ ತೂತು ಇದ್ದರೆ ಅರ್ಧ ಸೆಕೆಂಡಿನಲ್ಲಿ ಹಿಡಿಯುತ್ತಿದ್ದೆ.

ಎರಡು ವಾರ ಮುದಗಲ್, ಲಿಂಗಸುಗೂರು ಎಂದು ಸುತ್ತಿ, ಈ ಸಲ ಮನೆಮನೆಗೆ ಕೂತು ತುಂಬಿಸಲು ನೋಡಿದೆ. ಅದೂ ಕೆಟ್ಟಿತು. ಒಬ್ಬರನ್ನು ಕೇಳಿದರೆ ಮನೆಮಂದಿಯೆಲ್ಲ ಬಂದು ಸುತ್ತ ಕೂರುತ್ತಿದ್ದರು. ಹೇಳಿಕೆ ಓದಿದರೆ ಒಳಮನೆಯಿಂದ ಅಜ್ಜಿಯ ಆಮೆನ್ ಬರುತ್ತಿತ್ತು. ಒಂದು ಮನೆಯ ಯಜಮಾನರಂತೂ, ನೀವು ಇಷ್ಟು ಚೊಲೋ ಓದ್ತೀರಿ, ಒಂದು ಪ್ರಾರ್ಥನೆ ಮಾಡಿ ಹೋಗ್ರಿ ಎಂದರು.

ವಾಪಸು ಬರುವಾಗ ಮಸ್ಕಿಯ ಬಸ್ ನಿಲ್ದಾಣದಲ್ಲಿ ಅದೇ ಕನ್ನಡಕದ ಪಾಸ್ಟರ್ ಸಿಕ್ಕರು. ಮುಖ ಬಿಗಿದಿತ್ತು. “ನಿಮ್ಮ ಕಾಗದದಿಂದ ಬಳಗಾನೂರು ಟೀಚರಮ್ಮನ ಪಾಠ ನಿಂತೈತಿ, ಗೊತ್ತೇನ್ರೀ?”

ನನ್ನ ಟಿಪ್ಪಣಿ ಸಂಚಾಲಕರಿಂದ ಸಮಿತಿಯ ಎಲ್ಲರಿಗೂ ಹೋಗಿತ್ತು. ಸಮಿತಿಯಲ್ಲಿ ಈ ಸೀಮೆಯ ಸಭೆಗಳ ಹಿರಿಯ ಪಾಲಕರಿದ್ದರು, ಲಿಂಗಸುಗೂರಿನಲ್ಲಿರುವವರು. ದೇವರಿಗೆ ಶಕ್ತಿಯಿಲ್ಲ ಎನ್ನುವವರು ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಅವರು ಪಾಠ ನಿಲ್ಲಿಸಿದ್ದರು. ಮುಂದಿನ ವಾರ ಗುರುವಾರ ಲಿಂಗಸುಗೂರಿನಲ್ಲಿ ಸಮಿತಿ ಸೇರಿ ತೀರ್ಮಾನ ಮಾಡುವುದಿತ್ತು. ಅದಕ್ಕೂ ಮುಂಚಿನ ಭಾನುವಾರ ಬಳಗಾನೂರಿಗೆ ಹೋದೆ. ಬೇವಿನ ಮರದ ಕೆಳಗೆ ಪಾಸ್ಟರ್ ಹೆಂಡತಿ ಮಕ್ಕಳಿಗೆ ಚಪ್ಪಾಳೆಯ ಹಾಡು ಹೇಳಿಸುತ್ತಿದ್ದರು. ಟೀಚರಮ್ಮ ಒಳಗೆ, ಕೊನೆಯ ಚಾಪೆಯಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ಕೂತಿದ್ದರು. ಹದಿನಾರು ವರ್ಷ ಕಲಿಸಿದ್ದರಂತೆ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಗುರುವಾರ ನನಗೂ ಮಾತನಾಡಲು ಬಿಡಬೇಕು ಎಂದು ಸಂಚಾಲಕರಲ್ಲಿ ಹಟ ಹಿಡಿದೆ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ, ಮಾತನಾಡುವುದೇ ನನ್ನ ಕೆಲಸ ಎಂದೆ. ಮೂರು ದಿನ ಕೂತು ವಾದ ಕಟ್ಟಿದೆ. ಯೇಸು ತನ್ನ ಊರಿಗೆ ಹೋದಾಗ ಅಲ್ಲಿ ಹೆಚ್ಚೇನೂ ಮಾಡಲಾಗದೆ ಬಂದ ಪ್ರಸಂಗ. ಪ್ರಳಯಕ್ಕೆ ಮುಂಚೆ, ಮನುಷ್ಯರನ್ನು ಮಾಡಿದ್ದಕ್ಕೆ ದೇವರೇ ನೊಂದುಕೊಂಡ ಪ್ರಸಂಗ. ಶಿಲುಬೆಯ ಮುಂಚಿನ ತೋಟದಲ್ಲಿ ಮಗ ಬೇಡಿಕೊಂಡದ್ದು, ತಂದೆ ಅದನ್ನು ನಡೆಸದೆ ಹೋದದ್ದು. ಇದರ ಮೇಲೆ ಈಗಿನ ದೇವಶಾಸ್ತ್ರಜ್ಞರ ನಿಲುವುಗಳು. ಎದುರು ಬರಬಹುದಾದ ಆರು ಪ್ರಶ್ನೆ, ಆರಕ್ಕೂ ಉತ್ತರ.

ಲಿಂಗಸುಗೂರಿನ ಸಭಾಭವನದಲ್ಲಿ ಮೇಜಿನ ಆಚೆ ಸಮಿತಿಯವರು ಆರು ಜನ. ಈಚೆ ಬೆಂಚುಗಳ ಮೇಲೆ ಬಳಗಾನೂರಿನಿಂದ ಎರಡು ಟಂಟಂ ಆಟೋ ಮಾಡಿಕೊಂಡು ಬಂದವರು, ಅವರ ನಡುವೆ ಟೀಚರಮ್ಮ. ಪ್ರಾರ್ಥನೆಯಾಯಿತು, ಆಮೆನ್ ಆಯಿತು. ಹಿರಿಯ ಪಾಲಕರು ಕೂಗಾಡುವವರಲ್ಲ. ಜ್ವರ ಬಂದ ಕೂಸು ಪ್ರಾರ್ಥನೆ ಮಾಡಲು ಕಣ್ಣು ಮುಚ್ಚುತ್ತದೆ, ಆಗ ಅದಕ್ಕೆ ‘ಆತನ ಕೈಲಿ ಆಗುತ್ತದೋ ಇಲ್ಲವೋ’ ಎಂಬ ಅನುಮಾನ ಬಂದರೆ ಆ ಕೂಸು ಇನ್ನಾರನ್ನು ಕರೆಯಬೇಕು ಎಂದು ಕೇಳಿದರು. ನಾನು ಬರೆದಿಟ್ಟುಕೊಂಡಿದ್ದ ಆರು ಪ್ರಶ್ನೆಗಳಲ್ಲಿ ಇದು ಇರಲಿಲ್ಲ.

ಆದರೂ ಎದ್ದು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಸಂಚಾಲಕರ ಕಣ್ಣುಗಳು ಹೊಳೆಯುತ್ತಿದ್ದವು. ಸಮಿತಿಯ ಇಬ್ಬರು ಬರೆದುಕೊಳ್ಳುತ್ತಿದ್ದರು. ಮುಗಿಸಿದಾಗ ಹಿರಿಯ ಪಾಲಕರು ಕೇಳಿದರು:

“ಚೊಲೋ ಹೇಳಿದ್ರಿ. ಇದು ನಿಮ್ಮ ಸಾಕ್ಷಿ ಏನ್ರೀ?”

“ಸಾಕ್ಷಿ ಅಲ್ರೀ. ವಾದ.”

“ನಾಳೆ ನಿಮ್ಮನ್ನ ಮೇಜಿನ ಈ ಕಡೆ ಕುಂದ್ರಿಸಿದ್ರ?”

“ಈ ಕಡೆಯಿಂದಾನೂ ಇಷ್ಟ ಚೊಲೋ ಮಾತಾಡ್ತೀನ್ರೀ.”

ಚರ್ಚೆ ಕಲಿತವರಿಗೆ ಇದಕ್ಕಿಂತ ಹೆಮ್ಮೆಯ ಮಾತಿಲ್ಲ. ಬರೆದುಕೊಳ್ಳುತ್ತಿದ್ದ ಇಬ್ಬರೂ ಪೆನ್ನು ಕೆಳಗಿಟ್ಟರು. ನನಗೆ ನಂಬಿಕೆಯಿಲ್ಲವೆಂದು ಸಂಚಾಲಕರಿಂದ ತಿಳಿದಿದ್ದ ಹಿರಿಯ ಪಾಲಕರು ಬೆಂಚಿನ ಕಡೆ ತಿರುಗಿ, “ದೇವರ ಕೈಲಿ ಆಗೂದಿಲ್ಲ ಅಂತ ಹೇಳಾಕ, ದೇವರ ಇಲ್ಲ ಅನ್ನೂ ಹೆಣ್ಮಗಳನ್ನ ವಕೀಲಿಗೆ ಹಿಡಿಬೇಕಾತು ನೋಡ್ರಿ” ಎಂದರು. ಒಬ್ಬಿಬ್ಬರು ನಕ್ಕರು. ಹತ್ತು ನಿಮಿಷದಲ್ಲಿ ನಾನು ಟೀಚರಮ್ಮನನ್ನು ಮೊದಲಿಗಿಂತ ಕೆಟ್ಟ ಜಾಗಕ್ಕೆ ತಂದು ನಿಲ್ಲಿಸಿದ್ದೆ. ಮುಂದೆ ಹೇಳಲು ಕಾಗದದಲ್ಲಿ ಎಷ್ಟೋ ಇತ್ತು, ಒಂದೂ ಅಲ್ಲಿ ನಡೆಯುವ ನಾಣ್ಯವಾಗಿರಲಿಲ್ಲ. ಕೂತೆ.

ಟೀಚರಮ್ಮ ಎದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡರು. ಯಾರ ಕಡೆಯೂ ನೋಡಲಿಲ್ಲ.

“ಕರ್ತನ ನಾಮಕ್ಕ ಸ್ತೋತ್ರ. ಹನ್ನೊಂದು ದಿನ ನನ್ನ ಗಂಡ ದವಾಖಾನ್ಯಾಗಿದ್ದ. ಹನ್ನೊಂದು ದಿನ ನಾ ಕರದೆ. ಮೊದಲನೇ ದಿನಾನ ಆತ ಬಂದ. ಬಂದು ನನ್ನ ಗಂಡನ್ನ ಎಬ್ಬಸಲಿಲ್ಲ. ಎದ್ದೂ ಹೋಗಲಿಲ್ಲ. ಉಳದವರು ಉಣ್ಣಾಕ ಹೋದ್ರು, ಬಸ್ಸಿಗಿ ಹೊತ್ತಾತಂತ ಹೋದ್ರು. ಆತ ಹೋಗಲಿಲ್ಲ. ಹುಡುಗ್ರಿಗಿ ಇದನ್ನ ಹೇಳೀನಿ. ಇದರ ಮ್ಯಾಲಿಂದು ನನಗ ಗೊತ್ತಿಲ್ಲ. ಇಷ್ಟ ನನ್ನ ಸಾಕ್ಷಿ.”

“ಆಮೆನ್” ಎಂದಿತು ಬೆಂಚು. ಮೇಜಿನ ಆಚೆಯಿಂದಲೂ ಆಮೆನ್ ಬಂತು, ದಪ್ಪ ದನಿಯಲ್ಲಿ, ಎಲ್ಲರಿಗಿಂತ ಅರೆಗಳಿಗೆ ತಡವಾಗಿ. ಸಾಕ್ಷಿ ಮುಗಿದಾಗ ಆಮೆನ್ ಎನ್ನುವುದು ಹಿರಿಯ ಪಾಲಕರ ನಾಲಿಗೆಗೆ ಎಷ್ಟು ವರ್ಷದ ರೂಢಿಯೋ. ಅಂದ ಮೇಲೆ ಅವರ ಮುಖ ನೋಡಿದೆ. ಅಂದದ್ದು ಅವರಿಗೂ ಕೇಳಿಸಿತ್ತು. ಸಾಕ್ಷಿಯ ಮೇಲೆ ಮರುಪ್ರಶ್ನೆ ಇಲ್ಲ, ಆಮೆನ್ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯಂತೂ ಇಲ್ಲವೇ ಇಲ್ಲ.

“ಭಾನುವಾರ ಪಾಠಕ್ಕ ಹೋಗ್ಲೇನ್ರೀ ಅಯ್ಯನವರ?” ಎಂದರು ಟೀಚರಮ್ಮ, ನಿಂತಲ್ಲಿಂದಲೇ.

ಅವರು ಮುಂದಿದ್ದ ಕಾಗದಗಳನ್ನು ಜೋಡಿಸಿದರು. “ಹೋಗವ್ವ. ಹುಡುಗ್ರು ದಾರಿ ಕಾಯ್ತಾವ.” ಆಮೇಲೆ ಮುಂದಿನ ವಿಷಯ ಎಂದರು. ಮುಂದಿನ ವಿಷಯ ಮಸ್ಕಿಯ ಸಭೆಯ ಮಾಡಿಗೆ ಹೊಸ ತಗಡು ಹಾಕಿಸುವುದು.

ನಾನು ಅರ್ಧ ಎದ್ದಿದ್ದೆ. ಯಾವುದಕ್ಕೆ ಆಮೆನ್ ಅಂದಿರಿ, ದೇವರ ಕೈಲಿ ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ, ತೀರ್ಮಾನವನ್ನು ಯಾರಾದರೂ ಬರೆದುಕೊಂಡಿರಾ ಎಂದು ಕೇಳಬೇಕಿತ್ತು. ಸಂಚಾಲಕರು ದೂರದಿಂದಲೇ ಕೂರಿ ಎಂದು ಕೈಸನ್ನೆ ಮಾಡಿದರು. ಇಡೀ ಕೆಲಸವನ್ನು ಕೆಡಿಸಿದ್ದು ಯಾವ ಆಮೆನ್ ಎಂದು ನಾನು ಎರಡು ಪುಟ ದೂರು ಬರೆದಿದ್ದೆನೋ ಅದೇ ಆಮೆನ್ ಈ ಹೆಂಗಸನ್ನು ಉಳಿಸಿತ್ತು. ನನ್ನ ಯಾವ ವಾದವೂ ಉಳಿಸಿರಲಿಲ್ಲ. ಇವತ್ತಿಗೂ ಇದು ನನಗೆ ಸರಿಬಂದಿಲ್ಲ.

ಟಂಟಂಗಳಲ್ಲಿ ಜಾಗವಿದ್ದರೂ ಟೀಚರಮ್ಮ ನನ್ನ ಜೊತೆ ಬಸ್ಸಿಗೆ ಬಂದರು. ಮಸ್ಕಿಯಲ್ಲಿ ಇಳಿದು ಬಳಗಾನೂರಿನ ಬಸ್ಸು ಹಿಡಿಯುತ್ತೇನೆ ಎಂದರು. ಕ್ಷಮೆ ಕೇಳಲು ಶುರುಮಾಡಿದೆ, ಅವರು ಕಿಟಕಿಯಾಚೆ ನೋಡುತ್ತ, “ನಾ ತುಂಬಿದ ಕಾಗದ ಎಲ್ಲೈತಿ?” ಎಂದರು. ಫೈಲಿನಿಂದ ತೆಗೆದು ಕೊಟ್ಟೆ. ನಾಲ್ಕು ಮಡಿಕೆಯನ್ನು ಹಾಗೆಯೇ ಮಡಚಿ ಸಂಚಿಯಲ್ಲಿ ಇಟ್ಟುಕೊಂಡರು.

“ಆ ಇಪ್ಪತ್ತಕ್ಕ ನೀ ಏನ್ ಹಾಕ್ತಿದ್ದಿ ಬೇ?”

“ಎಲ್ಲದಕ್ಕೂ ‘ಅಲ್ಲ’ ಅಂತ.”

ಅವರು ನಕ್ಕರು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. “ಅವರು ಓದದನ ಹೌದು ಹಾಕ್ಯಾರ, ನೀ ಓದದನ ಅಲ್ಲ ಹಾಕ್ತಿ.”

ಆ ಇಪ್ಪತ್ತನ್ನೂ ಬರೆದವಳೇ ನಾನು, ಓದದೆ ಹೇಗೆ ಎಂದು ಸಿಡುಕಿದೆ. “ಬರದೀ, ಹೌದು,” ಎಂದರು. “ನಿನ್ನ ಯಾರರ ಕುಂದ್ರಿಸಿ ಕೇಳ್ಯಾರೇನು?” ಅಷ್ಟರಲ್ಲಿ ಮಸ್ಕಿ ಬಂತು. ಅವರು ಇಳಿದು, ತಿರುಗಿ ನೋಡದೆ ಬಳಗಾನೂರಿನ ಬಸ್ಸು ನಿಲ್ಲುವ ಕಡೆ ನಡೆದರು.

ಮುಂದಿನ ವಾರ ಅಂತಿಮ ವರದಿ ಕಳಿಸಿದೆ. ಬಳಗಾನೂರಿನ ಶಿಕ್ಷಕಿಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅದೇ ದಿನ ಸಂಚಾಲಕರ ಫೋನು ಬಂತು. ಆ ಒಂದು ಫಾರಂ ಎಲ್ಲಿ, ಪುಸ್ತಕದ ಒಂದು ಇಡೀ ಅಧ್ಯಾಯವನ್ನು ಅದರ ಮೇಲೆ ಕಟ್ಟುವವನಿದ್ದೆ ಎಂದರು. ಬರೆದವರು ವಾಪಸು ತೆಗೆದುಕೊಂಡರು ಎಂದೆ. ಹಾಗಾದರೆ ಏಳನೆಯ ಹೇಳಿಕೆಗೆ ‘ಅಲ್ಲ’ ಎಂದವರು ಎಷ್ಟು ಎಂದು ಕೇಳಿದರು. ಒಬ್ಬರೂ ಇಲ್ಲ ಎಂದೆ.

ಇದು ಸುಳ್ಳು ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಅಲ್ಲವೇ ಎಂದರು.

ಹೌದು ಎಂದೆ.